ಪೌಡರ್ ಬೇಡ, ಮೊದಲು ಮಾತ್ರೆಯ ಹೊತ್ತು ಬದಲಾಯಿಸಿ

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಮನೆ ಲಗ್ಗೆರೆ, ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ. ಈಗ ಐದೂವರೆ ತಿಂಗಳು, ಎರಡನೇದು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 8.9 ಅಂತ ಬರೆದಿದ್ದಾರೆ. ಬೆಳಿಗ್ಗೆ ಕಾಫಿ ಕುಡಿದು ಐರನ್, ಕ್ಯಾಲ್ಸಿಯಂ ಎರಡೂ ಒಟ್ಟಿಗೆ ನುಂಗಿ ಕೆಲಸಕ್ಕೆ ಓಡ್ತೀನಿ. ಹೊಟ್ಟೆ ತೊಳಸುತ್ತೆ, ಮೋಷನ್ ಕಪ್ಪಗೆ ಹೋಗುತ್ತೆ. ಆ ಮಾತ್ರೆ ತಗೊಂಡರೆ ಮಗು ಕಪ್ಪಾಗುತ್ತೆ, ದಪ್ಪ ಬೆಳೆದು ಹೆರಿಗೆ ಕಷ್ಟ ಆಗುತ್ತೆ ಅಂತ ಅತ್ತೆ ಬೇಡ ಅಂತಾರೆ. ಬೀಟ್‌ರೂಟ್ ಜ್ಯೂಸ್, ದಾಳಿಂಬೆ ತಗೋತಿದ್ದೀನಿ. ದೊಡ್ಡ ಮಗಳಿಗೆ ಈಗ ಎರಡು ವರ್ಷ ತುಂಬಿತು, ತೂಕ 9.4 ಕೆಜಿ. ಹುಟ್ಟಿದಾಗ 2.4 ಇದ್ದಳು. ಅನ್ನ ಮುಟ್ಟಲ್ಲ, ದಿನಕ್ಕೆ ಐದು ಬಾಟಲಿ ಹಾಲು ಕುಡೀತಾಳೆ. ಯಾರೂ ನೋಡದಿದ್ದಾಗ ಗೋಡೆ ಕೆರೆದು ಸುಣ್ಣ ತಿಂತಾಳೆ. ನಾನು ಏನು ತಿನ್ನಬೇಕು, ಅವಳಿಗೆ ಯಾವ ಪೌಡರ್ ಕೊಡಬೇಕು ಹೇಳಿ.

ಉತ್ತರ: ನೀವು ಎರಡು ಪ್ರಶ್ನೆ ಕೇಳಿದ್ದೀರಿ, ನನಗೆ ಅದು ಒಂದೇ ಪ್ರಶ್ನೆಯಾಗಿ ಕಾಣುತ್ತಿದೆ. ನಿಮ್ಮ 8.9, ಮಗಳ ಹುಟ್ಟಿನ ತೂಕ, ಐದು ಬಾಟಲಿ ಹಾಲು, ಗೋಡೆಯ ಸುಣ್ಣ, ಇವೆಲ್ಲ ಒಂದೇ ದಾರದಲ್ಲಿ ಪೋಣಿಸಿದ ಹಾಗಿವೆ. ಆ ದಾರದ ಹೆಸರು ಕಬ್ಬಿಣದ ಅಂಶ. ತಾಯಿಯ ಹತ್ತಿರ ಕಮ್ಮಿ ಇದ್ದರೆ ಹೊಟ್ಟೆಯಲ್ಲಿರೋ ಮಗುವಿಗೂ ಕಮ್ಮಿ ಹೋಗುತ್ತೆ, ಮಗು ಹುಟ್ಟಿದ ಮೇಲೆ ಊಟದಲ್ಲೂ ಸಿಗದಿದ್ದರೆ ಕೊರತೆ ಹಾಗೇ ಮುಂದುವರಿಯುತ್ತೆ. ನಿಮ್ಮ ಮನೆಯಲ್ಲಿ ಮಾತ್ರ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಕರ್ನಾಟಕದಲ್ಲಿ 100 ಗರ್ಭಿಣಿಯರಲ್ಲಿ ಸುಮಾರು 46 ಜನಕ್ಕೆ, ಆರು ತಿಂಗಳಿಂದ ಐದು ವರ್ಷದೊಳಗಿನ 100 ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದೆ. ಹಾಗಾಗಿ ನಿಮ್ಮದೇನೋ ತಪ್ಪಾಯಿತು ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಮೊದಲು ಮಾತ್ರೆ ವಿಷಯ. ಗರ್ಭಿಣಿಗೆ ಹಿಮೋಗ್ಲೋಬಿನ್ 11 ಇರಬೇಕು. 7ರಿಂದ 9.9ರವರೆಗೆ ಇದ್ದರೆ ಮಧ್ಯಮ ರಕ್ತಹೀನತೆ ಅಂತೀವಿ, ನೀವು ಅಲ್ಲಿದ್ದೀರಿ. 7ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆಗೇ ಸೇರಬೇಕಾಗಬಹುದು. ಒಂಬತ್ತು ತಿಂಗಳಲ್ಲಿ ದೇಹಕ್ಕೆ ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕು, ಅದರಲ್ಲಿ 300ರಷ್ಟು ಮಗು ಮತ್ತು ಮಾಸಿಗೆ ಹೋಗುತ್ತೆ. ಮಗು ತನ್ನ ಪಾಲಿನ ಬಹುಪಾಲನ್ನು ತುಂಬಿಕೊಳ್ಳೋದು ಕೊನೆಯ ಮೂರು ತಿಂಗಳಲ್ಲಿ. ಅಂದರೆ ನಿಮಗೆ ಇನ್ನೂ ಟೈಮ್ ಇದೆ, ಆದರೆ ಜಾಸ್ತಿ ಇಲ್ಲ.

ಇಷ್ಟನ್ನು ಬರೀ ಊಟದಿಂದ ತುಂಬೋಕೆ ಆಗಲ್ಲ. ಬೀಟ್‌ರೂಟ್ ಕೆಂಪಗಿದೆ, ದಾಳಿಂಬೆ ಕೆಂಪಗಿದೆ, ಅದಕ್ಕೇ ರಕ್ತ ಬರುತ್ತೆ ಅನ್ನೋ ನಂಬಿಕೆ. ನಿಜ ಹೇಳಬೇಕಂದ್ರೆ 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ, ದಾಳಿಂಬೆಯಲ್ಲಿ ಅದಕ್ಕಿಂತ ಕಮ್ಮಿ. ತಿನ್ನಿ, ಒಳ್ಳೆಯ ಹಣ್ಣು ತರಕಾರಿಯೇ. ಆದರೆ ದಾಳಿಂಬೆಗೆ ಅಂತ ದಿನಾ ದುಡ್ಡು ಸುರಿಯಬೇಡಿ, ಆ ದುಡ್ಡಿಗೆ ಮೊಟ್ಟೆ ಬರುತ್ತೆ. ಸರ್ಕಾರಿ ಆಸ್ಪತ್ರೆಯಲ್ಲಿ ಸುಮ್ನೆ ಕೊಡುವ ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರುತ್ತೆ. ರಕ್ತ ಸರಿ ಇರುವವರಿಗೇ ಅದು ದಿನಕ್ಕೆ ಒಂದು. ನಿಮ್ಮಷ್ಟು ಕಮ್ಮಿ ಇದ್ದರೆ ಸರ್ಕಾರದ ಕ್ರಮದಲ್ಲಿ ದಿನಕ್ಕೆ ಎರಡು. ನಿಮಗೆ ಎಷ್ಟು ಅಂತ ಕಾರ್ಡಿನಲ್ಲಿ ಬರೆದಿದ್ದಾರಾ ನೋಡಿ, ಇಲ್ಲದಿದ್ದರೆ ಈ ವಾರವೇ ಹೋಗಿ ಕೇಳಿ. ನೀವಾಗಿ ಹೆಚ್ಚಿಸಬೇಡಿ.

ಈಗ ನೀವು ಮಾಡ್ತಿರೋದು ನೋಡಿ. ಕಾಫಿ, ಐರನ್, ಕ್ಯಾಲ್ಸಿಯಂ ಮೂರೂ ಒಂದೇ ಹೊತ್ತಿಗೆ, ಅದೂ ಖಾಲಿ ಹೊಟ್ಟೆಗೆ. ಕಾಫಿ, ಟೀಯಲ್ಲಿರೋ ಒಗರು ಕಬ್ಬಿಣವನ್ನು ಹಿಡಿದುಕೊಂಡು ಬಿಡುತ್ತೆ, ರಕ್ತಕ್ಕೆ ಸೇರೋಕೆ ಬಿಡಲ್ಲ. ಕ್ಯಾಲ್ಸಿಯಂ ಕೂಡ ಅದಕ್ಕೆ ಅಡ್ಡ ನಿಲ್ಲುತ್ತೆ. ಹೊಟ್ಟೆ ತೊಳಸೋ ಕಷ್ಟ ಪೂರ್ತಿ ನಿಮಗೆ, ಲಾಭ ಮಾತ್ರ ಸ್ವಲ್ಪವೇ. ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ರಕ್ತ ಏರಲಿಲ್ಲ ಅಂತ ಬರುವ ಎಷ್ಟೋ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಯಾವ ಹೊತ್ತಿಗೆ, ಯಾವುದರ ಜೊತೆ ಅಂತ ಕೇಳಿದಾಗ ಹೆಚ್ಚಿನವರ ಉತ್ತರ ನಿಮ್ಮ ಹಾಗೇ ಇರುತ್ತೆ. ಮಾತ್ರೆ ಕೊಡೋರು ಇದನ್ನು ಬಿಡಿಸಿ ಹೇಳಬೇಕು, ಅಲ್ವಾ. ಸಾಲು ಉದ್ದ ಇರುತ್ತೆ, ಹೇಳೋಕೆ ಪುರಸೊತ್ತಿರಲ್ಲ.

ನಿಮ್ಮ ದಿನಕ್ಕೆ ಹೊಂದುವ ಹಾಗೆ ಹೇಳ್ತೀನಿ. ಬೆಳಿಗ್ಗೆ ಏನಾದರೂ ತಿಂದೇ ಮನೆ ಬಿಡಿ, ರಾತ್ರಿಯ ಮುದ್ದೆಯನ್ನು ಮಜ್ಜಿಗೆಗೆ ಕಿವುಚಿ ಕುಡಿದರೂ ಸರಿ. ಅದಾದ ಮೇಲೆ ಒಂದು ಕ್ಯಾಲ್ಸಿಯಂ. ಕಾಫಿ ಬೇಕೇ ಬೇಕು ಅಂದ್ರೆ ಅದೂ ಆಗಲೇ. ಮಧ್ಯಾಹ್ನ ಡಬ್ಬಿ ಊಟ ಮುಗಿಸಿ ಒಂದು ಐರನ್, ಜೊತೆಗೆ ಮನೆಯಿಂದ ತಂದ ನಿಂಬೆಹಣ್ಣಿನ ನೀರು, ಇಲ್ಲಾಂದ್ರೆ ಅರ್ಧ ಸೀಬೆಕಾಯಿ. ಹುಳಿ ಹಣ್ಣಿನಲ್ಲಿರೋ ವಿಟಮಿನ್ ಸಿ ಕಬ್ಬಿಣವನ್ನು ಎಳೆದುಕೊಳ್ಳೋಕೆ ಸಹಾಯ ಮಾಡುತ್ತೆ. ಅದಾಗಿ ಕನಿಷ್ಠ ಒಂದು ಗಂಟೆ ಟೀ ಬೇಡ. ಸಂಜೆ ಮನೆಗೆ ಬಂದು ಏನಾದರೂ ತಿಂದು ಎರಡನೇ ಕ್ಯಾಲ್ಸಿಯಂ. ರಾತ್ರಿ ಮಲಗೋಕೆ ಅರ್ಧ ಗಂಟೆ ಮುಂಚೆ ಎರಡನೇ ಐರನ್, ಎರಡು ಅಂತ ಬರೆದುಕೊಟ್ಟಿದ್ದರೆ. ಐರನ್‌ಗೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ ಇದ್ದರೆ ಸಾಕು. ಅಂದಹಾಗೆ ಒಂದು ವಿಷಯ. ಗರ್ಭಿಣಿಯರಿಗೆ ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ ಸಾಕಾ, 1500 ಬೇಕಾ ಅಂತ ನಮ್ಮ ಬೆಂಗಳೂರಿನಲ್ಲೇ 11,000 ಚೊಚ್ಚಲ ಗರ್ಭಿಣಿಯರ ಮೇಲೆ ದೊಡ್ಡ ಅಧ್ಯಯನ ನಡೆಯಿತು, ಟಾಂಜಾನಿಯಾದಲ್ಲೂ ಅಷ್ಟೇ ಜನರ ಮೇಲೆ. ಬಿಪಿ ಏರಿ ನಂಜಾಗುವುದನ್ನು ತಡೆಯೋದರಲ್ಲಿ 500 ಏನೂ ಕಮ್ಮಿ ಇಲ್ಲ ಅಂತ 2024ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಕೊಡುವ ಕ್ರಮ ದಿನಕ್ಕೆ ಎರಡು ಮಾತ್ರೆ, ಅದನ್ನೇ ಪಾಲಿಸಿ. ಆದರೆ ಯಾವುದೋ ಒಂದು ದಿನ ಎಲ್ಲವನ್ನೂ ಹೊಂದಿಸೋಕೆ ಆಗಲಿಲ್ಲ ಅಂದ್ರೆ ತಪ್ಪಿಸಬಾರದ್ದು ಐರನ್.

ಮೋಷನ್ ಕಪ್ಪಗೆ ಹೋಗೋದು ಕಾಯಿಲೆ ಅಲ್ಲ. ದೇಹ ತಗೊಳ್ಳದೆ ಉಳಿದ ಕಬ್ಬಿಣ ಹೊರಗೆ ಹೋಗ್ತಿದೆ, ಅಷ್ಟೇ. ಊಟದ ನಂತರ ತಗೊಂಡರೆ ತೊಳಸೋದು ಕಮ್ಮಿಯಾಗುತ್ತೆ. ಮಲಬದ್ಧತೆ ಆದರೆ ನೀರು, ಸೊಪ್ಪು, ಹಣ್ಣು ಜಾಸ್ತಿ ಮಾಡಿ.

ನಿಮ್ಮ ಅತ್ತೆಗೆ ಹೇಳಿ, ಅಥವಾ ಇದನ್ನೇ ಓದಿ ಹೇಳಿ. ಮಗುವಿನ ಬಣ್ಣ ಅಪ್ಪ ಅಮ್ಮನ ವಂಶದಿಂದ ಬರೋದು, ಮಾತ್ರೆಯಿಂದ ಅಲ್ಲ. ಮಗು ದಪ್ಪ ಆಗೋದೂ ಮಾತ್ರೆಯಿಂದಲ್ಲ. ಅವರ ಭಯ ನನಗೆ ಅರ್ಥವಾಗುತ್ತೆ. ಅವರ ಕಾಲದಲ್ಲಿ ಮನೆಯಲ್ಲೇ ಹೆರಿಗೆ, ಮಗು ಅಡ್ಡ ಸಿಕ್ಕಿಕೊಂಡರೆ ಜೀವವೇ ಹೋಗುತ್ತಿತ್ತು, ಅದಕ್ಕೇ ಚಿಕ್ಕ ಮಗು ಆದರೆ ಸಾಕು ಅಂತ ಗರ್ಭಿಣಿಗೆ ಊಟವನ್ನೇ ಕಮ್ಮಿ ಮಾಡುತ್ತಿದ್ದರು. ಇವತ್ತು ಅಪಾಯ ಬೇರೆ ಕಡೆಯಿಂದ ಬರುತ್ತೆ. ಹೆರಿಗೆ ಸಮಯದಲ್ಲಿ ತಾಯಂದಿರ ಸಾವಿಗೆ ದೊಡ್ಡ ಕಾರಣ ರಕ್ತಸ್ರಾವ. ಹಿಮೋಗ್ಲೋಬಿನ್ 12 ಇರುವವರ ದೇಹ ತಡೆದುಕೊಳ್ಳುವಷ್ಟು ರಕ್ತ ಹೋದರೂ 8 ಇರುವವರಿಗೆ ಪ್ರಾಣಕ್ಕೇ ಬರಬಹುದು. ಅತ್ತೆಗೆ ಇದು ಗೊತ್ತಾದರೆ ನೀವು ಮರೆತ ದಿನ ಮಾತ್ರೆ ತಂದು ಕೈಗೆ ಕೊಡೋರು ಅವರೇ ಆಗ್ತಾರೆ, ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೀನಿ.

ಒಂದು ತಿಂಗಳು ಹೀಗೆ ಸರಿಯಾಗಿ ತಗೊಂಡು ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಕನಿಷ್ಠ 1 ಗ್ರಾಂ ಏರಿರಬೇಕು. ಏರದಿದ್ದರೆ ಇದನ್ನೇ ನುಂಗುತ್ತಾ ಕೂರಬೇಡಿ. ವಿಟಮಿನ್ ಬಿ12 ಕೊರತೆ ಇರಬಹುದು, ವಂಶದಿಂದ ಬರೋ ಥಲಸ್ಸೀಮಿಯಾ ಅನ್ನೋ ರಕ್ತದ ತೊಂದರೆಯ ಅಂಶ ಇರಬಹುದು, ಹೊಟ್ಟೆಯಲ್ಲಿ ಹುಳು ಇರಬಹುದು. ಜಂತುಹುಳದ ಮಾತ್ರೆ ಈ ಗರ್ಭದಲ್ಲಿ ಒಮ್ಮೆ ಕೊಟ್ಟಿದ್ದಾರಾ ಕೇಳಿ. ಬೇಕಾದರೆ ರಕ್ತನಾಳದ ಮೂಲಕ ಕಬ್ಬಿಣ ಹಾಕ್ತಾರೆ, ಹೆದರಬೇಡಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದಲೇ ಉಚಿತ ತಪಾಸಣೆ ಇರುತ್ತೆ. ಅವತ್ತು ಹೋದರೆ ಸಕ್ಕರೆ ಪರೀಕ್ಷೆಯನ್ನೂ ಕೇಳಿ, 24ರಿಂದ 28 ವಾರದ ಒಳಗೆ ಅದು ಆಗಲೇಬೇಕು. ಬಿಪಿ 140/90 ಮುಟ್ಟಿದರೆ, ಜೋರಾದ ತಲೆನೋವು, ಕಣ್ಣು ಮಂಜು, ಮುಖ ಊತ, ರಕ್ತ ಕಾಣಿಸಿಕೊಳ್ಳೋದು, ಮಗುವಿನ ಅಲುಗಾಟ ಕಮ್ಮಿ ಆಗೋದು, ಇವುಗಳಲ್ಲಿ ಯಾವುದಾದರೂ ಆದರೆ 9ನೇ ತಾರೀಖಿಗೆ ಕಾಯಬೇಡಿ, ತಕ್ಷಣ ಹೋಗಿ.

ಇನ್ನು ಊಟ. ಕೆಲವು ವರ್ಷದ ಹಿಂದೆ ನಿಮ್ಮ ಕಡೆಯೇ ಒಂದು ಮನೆಗೆ ಹೋಗಿದ್ದೆ. ಅವರೂ ಗರ್ಭಿಣಿ, ಅವರೂ ಗಾರ್ಮೆಂಟ್ಸ್. ಅವತ್ತು ಹುರುಳಿಕಾಳು ಬಸ್ಸಾರು, ಮುದ್ದೆ. ಒಳ್ಳೆಯ ಅಡುಗೆ. ಏನು ತಿಂತೀರಿ ಅಂದ್ರೆ ಕಾಳು ಸಾರು ಅಂತಾರೆ, ನಾನೂ ಹಾಗೇ ಬರೆದುಕೊಂಡೆ. ಆಮೇಲೆ ಬಡಿಸೋದು ನೋಡಿದೆ. ಮೊದಲು ಗಂಡನಿಗೆ, ಸೌಟು ತಳಕ್ಕೆ ಹೋಗಿ ಬಂತು. ಪಕ್ಕದಲ್ಲಿದ್ದ ಪಲ್ಯ ಮಾವನಿಗೂ ಮೈದುನನಿಗೂ ಹೋಯಿತು. ಕೊನೆಗೆ ಅವರು ಕೂತಾಗ ತಟ್ಟೆಯಲ್ಲಿ ಮುದ್ದೆ ದೊಡ್ಡದೇ ಇತ್ತು, ಸಾರು ಮಾತ್ರ ಬರೀ ತಿಳಿ, ಪಲ್ಯದ ಬಾಣಲೆಯಲ್ಲಿ ಒಗ್ಗರಣೆಯ ಸಾಸಿವೆ ಬಿಟ್ಟು ಬೇರೇನೂ ಇರಲಿಲ್ಲ. ಯಾರೂ ಅವರಿಗೆ ಬೇಡ ಅನ್ನಲಿಲ್ಲ, ಕಿತ್ತುಕೊಳ್ಳಲೂ ಇಲ್ಲ. ಕೊನೆಗೆ ಕೂರೋರಿಗೆ ಕಾಳು ಉಳಿಯಲ್ಲ, ಅಷ್ಟೇ. ಅವತ್ತಿಂದ ನಾನು ಏನು ಅಡುಗೆ ಅಂತ ಕೇಳೋದು ಬಿಟ್ಟು ಯಾವಾಗ ಊಟಕ್ಕೆ ಕೂರ್ತೀರಿ ಅಂತ ಕೇಳ್ತೀನಿ. ನಿಮ್ಮನ್ನೂ ಕೇಳ್ತಿದ್ದೀನಿ.

ಹೊಸದಾಗಿ ಏನೂ ಅಡುಗೆ ಮಾಡಬೇಡಿ. ಮಾಡಿದ್ದರಲ್ಲಿ ನಿಮ್ಮ ಪಾಲನ್ನು ಮೊದಲೇ ಒಂದು ಡಬ್ಬಿಗೆ ತೆಗೆದಿಡಿ. ಈಗ ನಿಮಗೆ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚಿಗೆ ಬೇಕು. ಇಬ್ಬರ ಊಟ ಏನೂ ಅಲ್ಲ ಅದು. ಒಂದು ಮೊಟ್ಟೆ, ಒಂದು ಲೋಟ ಹಾಲು, ಒಂದು ಕಡಲೆಕಾಯಿ ಚಿಕ್ಕಿ ತಿಂದರೆ ಹೆಚ್ಚೂಕಮ್ಮಿ ಅಷ್ಟಾಗುತ್ತೆ. ಕಾಳು ದಿನಾ ಇರಲಿ, ಹುರುಳಿ, ಅಲಸಂದೆ, ಹೆಸರು, ಸೀಸನ್ನಿನಲ್ಲಿ ಅವರೆ, ಯಾವುದಾದರೂ ಸರಿ. ಸಾರು ತಟ್ಟೆಗೆ ಬಂದ ಮೇಲೆ ನಿಂಬೆ ಹಿಂಡಿ, ಕುದಿಯುವಾಗ ಹಾಕಿದರೆ ವಿಟಮಿನ್ ಸಿ ಹೋಗಿಬಿಡುತ್ತೆ. ನೀವು ಮಾಂಸ ತಿನ್ನೋರಾದರೆ ಮೀನು, ಮಟನ್ ಕೈಮಾದಲ್ಲಿರೋ ಕಬ್ಬಿಣ ಸೊಪ್ಪಿಗಿಂತ ಚೆನ್ನಾಗಿ ಮೈಗೆ ಹತ್ತುತ್ತೆ. ಲಿವರ್ ಮಾತ್ರ ಬಸುರಿಯಲ್ಲಿ ಜಾಸ್ತಿ ಬೇಡ, ಅದರಲ್ಲಿ ವಿಟಮಿನ್ ಎ ಅತಿಯಾಗಿರುತ್ತೆ. ಮಾಂಸ ಮೊಟ್ಟೆ ಮುಟ್ಟದವರಾದರೆ ಹಾಲು ಮೊಸರು ಬಿಡಲೇಬೇಡಿ, ಬಿ12 ಸೊಪ್ಪು ಕಾಳಿನಲ್ಲಿ ಸಿಗಲ್ಲ. ತಾಯಿಗೆ ಬಿ12 ಕಮ್ಮಿ ಇದ್ದರೆ ಮಗುವಿನ ಬೆಳವಣಿಗೆ ಕುಂಠಿತವಾಗೋದಕ್ಕೆ ನಂಟಿದೆ ಅಂತ ಇಲ್ಲೇ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2006ರಲ್ಲೇ ತೋರಿಸಿದ್ದಾರೆ.

ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ ಗರ್ಭಿಣಿಯರಿಗೂ ಬಾಣಂತಿಯರಿಗೂ 2017ರಿಂದ ಇದೆ. ಆದರೆ ಮಧ್ಯಾಹ್ನ ಮಷೀನ್ ಮುಂದೆ ಕೂತಿರೋ ನೀವು ಅಲ್ಲಿಗೆ ಹೋಗೋದು ಹೇಗೆ ಹೇಳಿ. ನಿಮ್ಮಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಯೋಜನೆ ಮಾಡಿಲ್ಲ, ಅದು ನನಗೆ ಬೇಜಾರೇ. ಹೆಸರು ಮಾತ್ರ ಈಗಲೇ ಬರೆಸಿ, ಹೆರಿಗೆ ರಜೆಯಲ್ಲಿ ಉಪಯೋಗಕ್ಕೆ ಬರುತ್ತೆ. ರಜೆ ಎರಡನೇ ಮಗುವಿಗೂ ಕಾನೂನಿನ ಪ್ರಕಾರ 26 ವಾರ, ಅದರಲ್ಲಿ 8 ವಾರ ಹೆರಿಗೆಗೆ ಮುಂಚೆ ತಗೋಬಹುದು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಮಕ್ಕಳನ್ನು ನೋಡಿಕೊಳ್ಳೋ ಜಾಗ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡೋ ಅವಕಾಶವೂ ಇದೆ. ಕೇಳಿ ಪಡೆಯಿರಿ. ಮತ್ತೆ ದಯವಿಟ್ಟು ನೀರು ಕುಡೀರಿ. ಟಾಯ್ಲೆಟ್‌ಗೆ ಎದ್ದು ಹೋದರೆ ಪೀಸ್ ಲೆಕ್ಕ ಕಮ್ಮಿಯಾಗುತ್ತೆ ಅಂತ ಎಷ್ಟೋ ಜನ ಬೆಳಗ್ಗಿಂದ ಸಂಜೆವರೆಗೆ ಗುಟುಕು ನೀರು ಕುಡಿಯದೆ ಕೂರ್ತಾರೆ. ಬಸುರಿಯಲ್ಲಿ ಮೂತ್ರದ ಸೋಂಕು ಬಂದರೆ ದಿನ ತುಂಬೋ ಮುಂಚೆಯೇ ಹೆರಿಗೆ ಆಗೋ ಅಪಾಯ ಇದೆ. ಉರಿ ಇದ್ದರೆ ನಾಚಿಕೊಳ್ಳದೆ ಹೇಳಿ.

ಹೆರಿಗೆ ದಿನಕ್ಕೆ ಒಂದು ಮಾತು. ಡಾಕ್ಟರ್‌ಗೆ ಮುಂಚೆಯೇ ಹೇಳಿಡಿ, ಮಗು ಹುಟ್ಟಿದ ತಕ್ಷಣ ಹೊಕ್ಕುಳ ಬಳ್ಳಿ ಕತ್ತರಿಸಬೇಡಿ, ಎಲ್ಲ ಸರಿ ಇದ್ದರೆ ಕನಿಷ್ಠ ಒಂದು ನಿಮಿಷ ಬಿಡಿ ಅಂತ. ಆ ಒಂದೆರಡು ನಿಮಿಷದಲ್ಲಿ ಮಾಸಿನಿಂದ ಹರಿಯೋ ರಕ್ತ ಮಗುವಿಗೆ ಮುಂದಿನ ತಿಂಗಳುಗಳ ಕಬ್ಬಿಣ. ಖರ್ಚಿಲ್ಲದ ಆಸ್ತಿ ಅದು. ಒಂದು ಗಂಟೆಯೊಳಗೆ ಎದೆಹಾಲು ಕೊಡಿ, ಮೊದಲ ದಿನಗಳ ಹಳದಿ ಹಾಲು ಚೆಲ್ಲಬೇಡಿ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಜೇನುತುಪ್ಪ, ಸಕ್ಕರೆ ನೀರು, ಬಜೆ, ಗ್ರೈಪ್ ವಾಟರ್ ಏನೂ ಬೇಡ. ಈ ಮಗುವೂ 2.5 ಕೆಜಿಗಿಂತ ಕಮ್ಮಿ ಹುಟ್ಟಿದರೆ ಎರಡು ತಿಂಗಳಾಗುತ್ತಲೇ ಕಬ್ಬಿಣದ ಹನಿ ಬೇಕಾಗುತ್ತೆ, ಮಕ್ಕಳ ಡಾಕ್ಟರ್‌ನ್ನು ಕೇಳಿ. ಬಾಣಂತನದಲ್ಲಿ ಮೆಣಸಿನ ಸಾರು, ಬೆಳ್ಳುಳ್ಳಿ, ಎಣ್ಣೆ ನೀರು, ವಿಶ್ರಾಂತಿ ಎಲ್ಲ ಇರಲಿ, ಅದು ನಮ್ಮ ಹಿರಿಯರ ಅಕ್ಕರೆ. ನಂಜು, ಶೀತ ಅಂತ ಸೊಪ್ಪು, ಹಣ್ಣು, ಮೊಸರು, ನೀರು ಬಿಡಿಸೋದು ಮಾತ್ರ ಬೇಡ. ಹಾಲೂಡಿಸುವಾಗ ಬಸುರಿಗಿಂತ ಜಾಸ್ತಿ, ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು. ಐರನ್ ಮಾತ್ರೆ ಹೆರಿಗೆ ಆದ ಮೇಲೂ 180 ದಿನ.

ಈಗ ಮಗಳು. ಹುಟ್ಟುವಾಗ 2.4 ಕೆಜಿ, ಅಂದರೆ ಅವಳು ಬರುವಾಗಲೇ ಕಬ್ಬಿಣದ ಗಂಟು ಚಿಕ್ಕದಿತ್ತು. ಅದು ಮುಗಿಯೋ ಹೊತ್ತಿಗೆ ಗಟ್ಟಿ ಊಟ ಶುರುವಾಗಬೇಕಿತ್ತು, ಬಾಟಲಿ ಬಂತು. ಐದು ಬಾಟಲಿ ಅಂದ್ರೆ ಹತ್ತಿರ ಹತ್ತಿರ ಒಂದು ಲೀಟರ್. ಹಾಲಿನಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಅವಳ ಪುಟ್ಟ ಹೊಟ್ಟೆ ಹಾಲಲ್ಲೇ ತುಂಬಿದ ಮೇಲೆ ಅನ್ನ ಯಾಕೆ ಬೇಕು? ಅವಳು ಹಟಮಾರಿ ಅಲ್ಲ, ಅವಳಿಗೆ ಹಸಿವೇ ಆಗ್ತಿಲ್ಲ. ಸುಣ್ಣ ಕೆರೆದು ತಿನ್ನೋದು ಕಬ್ಬಿಣದ ಕೊರತೆಯ ಗುರುತು, ಬೈದು ಹೊಡೆದು ನಿಲ್ಲಿಸೋಕೆ ಆಗಲ್ಲ. ನೀವು ಅದನ್ನು ಪತ್ರದಲ್ಲಿ ಹಾಗೇ ಹೇಳಿಹೋಗಿದ್ದೀರಿ, ನನಗೆ ಮೊದಲು ಕಣ್ಣಿಗೆ ಬಿದ್ದಿದ್ದೇ ಅದು. ಹಳೇ ಗೋಡೆ ಬಣ್ಣದಲ್ಲಿ ಸೀಸ ಇರಬಹುದು, ಅದಕ್ಕೆ ಈ ವಾರವೇ ಅವಳ ರಕ್ತ ಪರೀಕ್ಷೆ ಮಾಡಿಸಿ.

ತೂಕಕ್ಕೆ ಗಾಬರಿ ಬೇಡ. ಎರಡು ವರ್ಷದ ಹೆಣ್ಣು ಮಗುವಿಗೆ 9 ಕೆಜಿ ಕೆಳಗೆ ಹೋದರೆ ಕಮ್ಮಿ ತೂಕ ಅಂತ ಲೆಕ್ಕ, ನಡುವಿನ ತೂಕ 11.5. ಅವಳು ಗೆರೆಯ ಹತ್ತಿರ ಇದ್ದಾಳೆ, ದಾಟಿಲ್ಲ. ಪೌಡರ್ ಬೇಡ. ಬಹಳಷ್ಟು ಡಬ್ಬಿಗಳಲ್ಲಿ ಇರೋದು ಹಾಲಿನ ಪುಡಿ, ಸಕ್ಕರೆ, ಮೇಲಷ್ಟು ವಿಟಮಿನ್. ಅದನ್ನೂ ಹಾಲಿಗೇ ಹಾಕ್ತೀರಿ, ಮತ್ತೆ ಹಾಲೇ ಜಾಸ್ತಿಯಾಗುತ್ತೆ. ಮೊದಲ ವಾರ ಬಾಟಲಿ ಐದರಿಂದ ನಾಲ್ಕು, ಆಮೇಲೆ ಮೂರು, ಕೊನೆಗೆ ದಿನಕ್ಕೆ ಅರ್ಧ ಲೀಟರ್ ಒಳಗೆ, ಅದೂ ಲೋಟದಲ್ಲಿ, ಊಟ ಆದ ಮೇಲೆ. ರಾತ್ರಿ ಬಾಟಲಿ ಬಿಡಿಸೋದು ಕಷ್ಟ, ಮೂರು ನಾಲ್ಕು ರಾತ್ರಿ ಅಳ್ತಾಳೆ. ಆ ರಾತ್ರಿಗಳಲ್ಲಿ ನಿಮ್ಮ ಯಜಮಾನರು ಎತ್ತಿಕೊಂಡು ಓಡಾಡಲಿ, ನೀವು ಬಸುರಿ, ನಿಮಗೆ ನಿದ್ದೆ ಬೇಕು.

ಹಾಲು ಕಮ್ಮಿಯಾದ ಮೇಲೆ ಹಸಿವು ತಾನಾಗಿ ಬರುತ್ತೆ. ಆಗ ದಿನಕ್ಕೆ ಮೂರು ಊಟ, ನಡುವೆ ಎರಡು ಸಲ ತಿಂಡಿ, ನೀವೆಲ್ಲ ತಿನ್ನೋ ಊಟವೇ, ಖಾರ ಹಾಕೋ ಮೊದಲು ತೆಗೆದಿಟ್ಟಿದ್ದು. ಬೇಳೆ ಕಟ್ಟು, ಗಂಜಿ ತಿಳಿ ಕೊಡಬೇಡಿ, ಅದು ನೀರು. ಚಮಚ ಓರೆ ಮಾಡಿದರೆ ಊಟ ಜಾರಿ ಬೀಳಬಾರದು, ಅಷ್ಟು ಗಟ್ಟಿ ಇರಬೇಕು. ಕಾಳು ಕಿವುಚಿದ ಅನ್ನಕ್ಕೆ ಒಂದು ಚಮಚ ತುಪ್ಪ, ದಿನಕ್ಕೊಂದು ಮೊಟ್ಟೆ, ಕಡಲೆಕಾಯಿ ಬೀಜದ ಪುಡಿ. ಇಡೀ ಬೀಜ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಮೊಬೈಲ್ ತೋರಿಸಿ ತುರುಕಬೇಡಿ, ಅವಳದ್ದೇ ತಟ್ಟೆ ಕೊಟ್ಟು ಪಕ್ಕ ಕೂರಿಸಿಕೊಳ್ಳಿ, ಅರ್ಧ ಚೆಲ್ಲಲಿ ಬಿಡಿ. ಆಶಾ ಅವರ ಹತ್ತಿರ ಮಕ್ಕಳ ಐರನ್ ಸಿರಪ್ ಇರುತ್ತೆ, ವಾರಕ್ಕೆ ಎರಡು ಸಲ 1 ಎಂಎಲ್. ಪರೀಕ್ಷೆಯಲ್ಲಿ ರಕ್ತ ಕಮ್ಮಿ ಅಂತ ಬಂದರೆ ಅದು ಸಾಲಲ್ಲ, ಡಾಕ್ಟರ್ ಬೇರೆ ಪ್ರಮಾಣ ಹೇಳ್ತಾರೆ. ಜಂತುಹುಳದ ಮಾತ್ರೆ ವರ್ಷಕ್ಕೆ ಎರಡು ಸಲ.

ಪೌಡರ್ ಮಾಡಲೇಬೇಕು ಅಂತ ಅತ್ತೆಗೆ ಮನಸ್ಸಿದ್ದರೆ ರಾಗಿ ಸರಿ ಮಾಡಿಕೊಡೋಕೆ ಹೇಳಿ, ಮುಂದೆ ಚಿಕ್ಕದಕ್ಕೂ ಆರು ತಿಂಗಳಿಗೆ ಅದೇ ಬೇಕು. ರಾಗಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಬಿಳಿ ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸೋದು. ಹುರಿಯೋದಾದರೆ ಘಮ ಬರೋಷ್ಟು ಮಾತ್ರ. ಮೊಳಕೆ ಬರುವಾಗ ಕಾಳಿನೊಳಗೆ ಪಿಷ್ಟ ಒಡೆಯೋ ಒಂದು ಕಿಣ್ವ ಹುಟ್ಟುತ್ತೆ, ಕಬ್ಬಿಣವನ್ನು ಕಟ್ಟಿಹಾಕೋ ಅಂಶವೂ ಇಳಿಯುತ್ತೆ. ಸಾದಾ ರಾಗಿ ಹಿಟ್ಟು ಎರಡು ಚಮಚ ಹಾಕಿದರೇ ಅಂಟಾಗುತ್ತೆ, ಮಗು ನುಂಗೋಕೆ ಆಗಲ್ಲ ಅಂತ ನಾವು ನೀರು ಸುರೀತೀವಿ. ಮೊಳಕೆ ಹಿಟ್ಟು ಅದರ ಎರಡರಷ್ಟು ಹಾಕಿದರೂ ಸಡಿಲವಾಗೇ ಇರುತ್ತೆ. ಅದೇ ಬಟ್ಟಲಲ್ಲಿ ಜಾಸ್ತಿ ಊಟ ಹೋಗುತ್ತೆ. ಜೋರಾಗಿ ಹುರಿದರೆ ಆ ಕಿಣ್ವ ಸುಟ್ಟು ಹೋಗುತ್ತೆ, ಅದಕ್ಕೇ ಹೇಳಿದ್ದು.

ಇನ್ನೊಂದು ಮಾತು, ಇದು ನಿಮ್ಮಿಬ್ಬರಿಗೂ. ದೊಡ್ಡವಳಿಗೆ ಒಂದೂವರೆ ವರ್ಷ ದಾಟುತ್ತಿದ್ದ ಹಾಗೇ ಈ ಬಸಿರು ನಿಂತಿದೆ. ಕನಿಷ್ಠ ಎರಡು ವರ್ಷ ಬಿಟ್ಟಿದ್ದರೆ ನಿಮ್ಮ ಮೈ ಕಳೆದುಕೊಂಡದ್ದನ್ನು ತುಂಬಿಕೊಳ್ಳುತ್ತಿತ್ತು. ಆಗಿದ್ದು ಆಯಿತು. ಈ ಹೆರಿಗೆ ಆದ ಮೇಲೆ ಆಸ್ಪತ್ರೆ ಬಿಡೋ ಮುಂಚೆಯೇ ಮುಂದಿನ ದಾರಿ ಏನು ಅಂತ ಇಬ್ಬರೂ ಕೂತು ಡಾಕ್ಟರ್ ಹತ್ತಿರ ಮಾತಾಡಿ.

ಒಂದು ತಿಂಗಳು ಬಿಟ್ಟು ಹಿಮೋಗ್ಲೋಬಿನ್ ಎಷ್ಟು ಬಂತು, ಮಗಳು ಎಷ್ಟು ಬಾಟಲಿಗೆ ಇಳಿದಳು, ಎರಡನ್ನೂ ಬರೆಯಿರಿ. ಗೋಡೆ ಕೆರೆಯೋದು ನಿಂತಿತಾ ಅಂತಲೂ.